ಬೇಸಿಗೆ ರಜೆಯಲ್ಲಿ ಹೈಸ್ಕೂಲು ಮಕ್ಕಳು ನಡೆಸುವ ನಮ್ಮೂರಿನ ಅರವಟಿಗೆ

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ವಾರದವರೆಗೆ ನಮ್ಮ ಸರ್ಕಾರಿ ಪ್ರೌಢಶಾಲೆಗೆ ರಜೆ. ಗದಗ ಜಿಲ್ಲೆಯ ನಮ್ಮೂರಿನಲ್ಲಿ ದೊಡ್ಡ ಸಂಭ್ರಮಗಳೆಲ್ಲ ಬರುವುದೂ ಆಗಲೇ: ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ, ಅಕ್ಷಯ ತದಿಗೆಗೆ ಬಸವ ಜಯಂತಿ, ವೈಶಾಖದ ‘ಆಗಿ ಹುಣ್ಣಿಮೆ’ಗೆ ತೇರು. ಮೂರಕ್ಕೂ ಜನ ಬಿಸಿಲಿನಲ್ಲಿ ನಿಲ್ಲುತ್ತಾರೆ, ಮೂರಕ್ಕೂ ನೀರು ಬೇಕು. ಹದಿನಾಲ್ಕು ಹದಿನೈದರ ಮಕ್ಕಳಿಗೆ ಮಾತ್ರ ಇವುಗಳಲ್ಲಿ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ. ಚಿಕ್ಕವರಿಗೆ ಪೀಪಿ, ಬೆಂಡು ಬತ್ತಾಸು; ದೊಡ್ಡವರಿಗೆ ಕಮಿಟಿ, ಪಟ್ಟಿ (ವಂತಿಗೆ) ಎತ್ತುವುದು. ಇವರಿಗೆ ಸಿಗುತ್ತಿದ್ದುದು ‘ಆ ಕುರ್ಚಿ ಇತ್ತ ತಾ’ ಎಂಬ ಅಪ್ಪಣೆ ಮಾತ್ರ. ಉಳಿದ ಹೊತ್ತೆಲ್ಲ ಮೊಬೈಲ್.

ನಾನು ವಿಜ್ಞಾನ ಕಲಿಸುವವಳು. ತೇರಿನ ಕಮಿಟಿಯವರ ಬಳಿ ಹೋಗಿ, ಅರವಟಿಗೆಯನ್ನು ಪೂರ್ತಿಯಾಗಿ ಮಕ್ಕಳಿಗೆ ಬಿಟ್ಟುಕೊಡಿ ಎಂದು ಕೇಳಿದೆ. ಪೂರ್ತಿ ಎಂದರೆ ದುಡ್ಡು, ಜಾಗ, ಸಾಮಾನು, ಲೆಕ್ಕ ಎಲ್ಲವೂ. ಹಿರಿಯರೊಬ್ಬರು, “ಅಕ್ಕೋರೇ, ಹುಡುಗರು ಸಹಾಯಕ್ಕೆ ಇರಲಿ, ಜವಾಬ್ದಾರಿ ನಮ್ಮ ಕಡೆ ಇರಲಿ” ಎಂದರು. ನಾನು ಒಪ್ಪಲಿಲ್ಲ. ಸಹಾಯಕ್ಕೆ ಬಂದ ಮಗು ಯಾರಾದರೂ ಹೇಳುವವರೆಗೆ ಸುಮ್ಮನೆ ನಿಂತಿರುತ್ತದೆ. ನೀರು ಖಾಲಿಯಾದರೆ ಬೈಸಿಕೊಳ್ಳುವುದು ತಾನೇ ಎಂದು ಗೊತ್ತಿರುವ ಮಗು ಹರವಿಯ (ನೀರಿನ ಮಣ್ಣಿನ ಗಡಿಗೆಯ) ಮುಚ್ಚಳ ಎತ್ತಿ ನೋಡುತ್ತದೆ. ಕೊನೆಗೆ ಕಮಿಟಿಯವರು ಒಪ್ಪಿ ಹಣವನ್ನು ಮಕ್ಕಳ ಕೈಗೇ ಕೊಟ್ಟರು.

ಹುಡುಗಿಯರನ್ನು ಕಳಿಸಲು ಮನೆಯವರು ಹಿಂಜರಿಯುತ್ತಾರೆ ಎಂದುಕೊಂಡಿದ್ದೆ. ಆದರೆ ಅರವಟಿಗೆ ಒಂದೇ ಕಡೆ ನಿಲ್ಲುವ ಕೆಲಸ. ತೇರಿನ ಬೀದಿಯಲ್ಲಿ, ಎಲ್ಲರ ಕಣ್ಣೆದುರು. ಬೇರೆ ಯಾವುದಕ್ಕೂ ಬಿಡದ ತಾಯಂದಿರು ಇದಕ್ಕೆ ಬಿಟ್ಟರು. 2024ರಲ್ಲಿ ಇನ್ನೊಂದು ಅನುಕೂಲವಾಯಿತು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದರಿಂದ ಸರ್ಕಾರ ರಜೆಯಲ್ಲೂ ಶಾಲೆಗಳಲ್ಲಿ ಬಿಸಿಯೂಟ ನಡೆಸಿತು. ಊಟಕ್ಕೆ ಬಂದವರು ಅಲ್ಲೇ ಬೇವಿನ ಮರದ ಕೆಳಗೆ ಕುಳಿತು ಅರವಟಿಗೆಯ ಯಾದಿ ಬರೆದರು.

ಹರವಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅರವಟಿಗೆ ನಿಲ್ಲುವುದೂ ಕೆಡುವುದೂ ಅದರ ಮೇಲೆಯೇ. ಹೊಸ ಹರವಿಯನ್ನು ತಂದ ಕೂಡಲೇ ಬಳಸಬಾರದು. ಒಂದು ದಿನ ನೀರು ತುಂಬಿಟ್ಟು ಚೆಲ್ಲಬೇಕು, ಇಲ್ಲವಾದರೆ ಮಣ್ಣಿನ ವಾಸನೆ ನೀರನ್ನು ಮೀರಿಸುತ್ತದೆ. ಪರಾತದಲ್ಲಿ ಮರಳು ಹಾಸಿ, ಮರಳನ್ನು ತೋಯಿಸಿ, ಅದರ ಮೇಲೆ ಹರವಿ ಇಟ್ಟು ಒದ್ದೆ ಗೋಣಿತಟ್ಟು ಸುತ್ತಬೇಕು. ನೆರಳು ಬೇಕು, ಗಾಳಿಯೂ ಆಡಬೇಕು. ಮೂರು ಕಡೆ ತಗಡು ಬಡಿದ ಚಪ್ಪರದಿಂದ ಪ್ರಯೋಜನವಿಲ್ಲ. ಹರವಿಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಒಂಬತ್ತನೆಯ ತರಗತಿಯ ಪುಸ್ತಕದಲ್ಲಿರುವುದೇ ಇದು. ಬಸವ ಜಯಂತಿಯ ಹೊತ್ತಿಗೆ ಭರಣಿ ಮಳೆಯ ಮೋಡ ಕವಿದು ಸೆಕೆ ಏರಿದ ಮಧ್ಯಾಹ್ನ, “ಟೀಚರ್, ಹರವಿ ಇವತ್ತು ಕೆಲಸ ಮಾಡುತ್ತಿಲ್ಲ” ಎಂದು ಹುಡುಗಿಯೊಬ್ಬಳು ಓಡಿ ಬಂದಳು. ಗಾಳಿಯಲ್ಲೇ ತೇವ ತುಂಬಿರುವಾಗ ಹರವಿಯ ಮೈಯ ನೀರು ಎಲ್ಲಿಗೆ ಹೋಗಬೇಕು ಎಂದು ನಾನು ಕೇಳಿದೆ. ಅವಳು ಮೋಡ ನೋಡಿದಳು, ಹರವಿ ಮುಟ್ಟಿದಳು, ಪಾಠ ಅಲ್ಲಿಗೆ ಮುಗಿಯಿತು. ಹಳೆಯ ಹರವಿಗಳು ತಣ್ಣಗೆ ಮಾಡದಿರುವುದಕ್ಕೂ ಕಾರಣವನ್ನು ಮಕ್ಕಳೇ ಹುಡುಕಿದರು: ನಮ್ಮ ಗಡಸು ನೀರಿನ ಉಪ್ಪು ಹೊರಮೈಯಲ್ಲಿ ಬೆಳ್ಳಗೆ ಕಟ್ಟಿ ರಂಧ್ರಗಳನ್ನು ಮುಚ್ಚಿತ್ತು. ತೆಂಗಿನ ನಾರಿನಿಂದ ಉಜ್ಜಿದ ಮೇಲೆ ಅವು ಮತ್ತೆ ಜಿನುಗತೊಡಗಿದವು.

ನೀರು ಶುದ್ಧ ನೀರಿನ ಘಟಕದ್ದು. ಸ್ಟೀಲ್ ಲೋಟಗಳನ್ನು ಕಲ್ಯಾಣ ಮಂಟಪದಿಂದ ತರುತ್ತೇವೆ. ಕಾಗದದ ಕಪ್ಪು ತರೋಣ ಎಂದವರಿದ್ದರು. ಅದರ ಒಳಮೈಗೆ ಪ್ಲಾಸ್ಟಿಕ್ ಪದರ ಇರುತ್ತದೆಂದು ಮಕ್ಕಳೇ ಬೇಡವೆಂದರು. ತೊಳೆಯಲು ಮೂರು ಬೋಗುಣಿ, ಮೂರನೆಯದರಲ್ಲಿ ಬಿಸಿನೀರು. ಪಾನಕಕ್ಕೆ 10 ಲೀಟರಿಗೆ 1 ಕಿಲೋ ಬೆಲ್ಲ. ಕರಗಿಸಿ ಬಟ್ಟೆಯಲ್ಲಿ ಸೋಸಿದ ಮೇಲೆಯೇ ಶುಂಠಿ, ಏಲಕ್ಕಿ, ಮೆಣಸು, ಲಿಂಬೆರಸ.

ಮಜ್ಜಿಗೆ ಕಷ್ಟದ ಕೆಲಸ. ಮೊಸರು ಮನೆಮನೆಯಿಂದ ಬರುತ್ತದೆ, ಒಂದೊಂದು ಮನೆಯದೂ ಒಂದೊಂದು ಹುಳಿ. ಹತ್ತನೆಗೆ ಹೋಗಲಿದ್ದ ಹುಡುಗಿಯೊಬ್ಬಳು ಪಾತ್ರೆಗಳನ್ನು ಸಾಲಾಗಿ ಇಡಿಸಿ, ಪ್ರತಿಯೊಂದರಿಂದಲೂ ಬೇರೆ ಚಮಚದಲ್ಲಿ ತೆಗೆದು ಅಂಗೈಗೆ ಹಾಕಿಕೊಂಡು ರುಚಿ ನೋಡಿ ಎರಡು ಪಾಲು ಮಾಡಿದಳು. ಸಿಹಿ ಮೊಸರು ಮಜ್ಜಿಗೆಗೆ, ಹುಳಿ ಬಂದದ್ದು ದಾಸೋಹದ ಅಡುಗೆಗೆ. ತನ್ನ ಸ್ವಂತ ಅಜ್ಜಿ ಕಳಿಸಿದ ಮೊಸರನ್ನೂ ಅವಳು ದಾಸೋಹದ ಕಡೆ ತಳ್ಳಿದ್ದನ್ನು ನಾನು ನೋಡಿದೆ.

ಇಷ್ಟು ಹೊತ್ತು ಹೇಳಿದ್ದು ವ್ಯವಸ್ಥೆಯ ಮಾತು. ಇದಕ್ಕಿಂತ ಮುಖ್ಯವಾದದ್ದೊಂದಿದೆ. ನಮ್ಮ ಕಡೆ ನೀರು ಕೊಡುವುದೆಂದರೆ ಯಾರು ಯಾರಿಗೆ ಕೊಟ್ಟರು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಆದ್ದರಿಂದ ನಮ್ಮ ಅರವಟಿಗೆ ಮೊದಲು ನಿಲ್ಲುವುದು ಏಪ್ರಿಲ್ 14ಕ್ಕೆ, ಅಂಬೇಡ್ಕರ್ ಭವನದ ಮುಂದೆ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡಿನಲ್ಲಿ, ದಲಿತರಿಗೆ ಮುಟ್ಟಲು ಬಿಡದಿದ್ದ ಚವದಾರ ಕೆರೆಯಲ್ಲಿ ಬಾಬಾಸಾಹೇಬರು ನೀರು ಮುಟ್ಟಿ ಕುಡಿದದ್ದನ್ನು ಆ ದಿನ ಒಬ್ಬ ಹುಡುಗ ಐದು ನಿಮಿಷ ಹೇಳುತ್ತಾನೆ. ಅವೇ ಹರವಿ, ಅವೇ ಲೋಟಗಳು ಬಳಿಕ ಬಸವ ಜಯಂತಿಯ ಮೆರವಣಿಗೆಗೆ ಬರುತ್ತವೆ, ಅಲ್ಲಿಂದ ತೇರಿನ ಬೀದಿಗೆ. ಎಲ್ಲ ಓಣಿಯ ಮಕ್ಕಳೂ ಎಲ್ಲ ಸರದಿಯಲ್ಲೂ ಇರಬೇಕು. ನಾನು ಇಟ್ಟ ನಿಬಂಧನೆ ಇದೊಂದೇ.

ಮೊದಲ ವರ್ಷದ ತೇರಿನ ದಿನ ಬಂದ ಅಜ್ಜನೊಬ್ಬ ಲೋಟ ತೆಗೆದುಕೊಳ್ಳುವ ಮುನ್ನ, “ಯಾರ ಮಗಳವ್ವಾ ನೀನು?” ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಏನಿದೆ ಎಂದು ಹಳ್ಳಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಅವಳು, “ನಾವು ಹೈಸ್ಕೂಲಿನವರು, ಅಜ್ಜಾ” ಎಂದಳು. ಆತ ಕುಡಿಯದೆ ಹೋದ. ಹುಡುಗಿ ಲೋಟವನ್ನು ಹಿಂದೆ ನಿಂತಿದ್ದವರಿಗೆ ಕೊಟ್ಟಳು. ಅಂದಿನಿಂದ ಮಕ್ಕಳೆಲ್ಲರ ಉತ್ತರ ಅದೇ ಆಗಿದೆ.

ಅದೇ ಸಂಜೆ ಇನ್ನೊಬ್ಬ ಮುದುಕ ಬಂದು ಚಪ್ಪರದಿಂದ ನಾಲ್ಕು ಹೆಜ್ಜೆ ದೂರ ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಿಡಿದ, ಮೇಲಿನಿಂದ ಸುರಿಯಲಿ ಎಂದು. ಜೀವಮಾನವೆಲ್ಲ ಹಾಗೆಯೇ ಕುಡಿದವನು. ಒಂಬತ್ತನೆಯ ತರಗತಿಯ ಹುಡುಗ ಲೋಟ ಹಿಡಿದು ಎದುರಿಗೆ ಕುಳಿತ. “ಸುರಿಯಪ್ಪಾ” ಎಂದ ಮುದುಕ. ಹುಡುಗ ಸುರಿಯಲಿಲ್ಲ, ಬೊಗಸೆ ಬಿಡಿಸಿ ಬೆರಳುಗಳನ್ನು ಲೋಟದ ಸುತ್ತ ಇಟ್ಟ. ನನಗೆ ಗಂಟಲು ಕಟ್ಟಿತು. ಈ ಒಂದು ಗಳಿಗೆಗಾಗಿ ಎಷ್ಟು ರಜೆಗಳನ್ನಾದರೂ ಕೊಡಲು ನಾನು ಸಿದ್ಧ.

ಎಸ್ಸೆಸ್ಸೆಲ್ಸಿ ಫಲಿತಾಂಶ 2024ರಲ್ಲೂ 2025ರಲ್ಲೂ ಮೇ ತಿಂಗಳ ಮೊದಲ ಭಾಗದಲ್ಲಿ, ತೇರಿಗೆ ಸ್ವಲ್ಪ ಮುಂಚೆ ಬಂತು. ಫೇಲಾದವರು ಮನೆಯಿಂದ ಹೊರಬರುವುದಿಲ್ಲ. ಒಂದು ವರ್ಷ ಗಣಿತದಲ್ಲಿ ಉಳಿದ ಹುಡುಗನ ಬಳಿಯೇ ನಮ್ಮ ಲೆಕ್ಕದ ಪುಸ್ತಕವಿತ್ತು. ಮರುದಿನ ಗೆಳೆಯರು ಅವನ ಮನೆಗೆ ಹೋಗಿ, ಬೆಲ್ಲದ ಅಂಗಡಿಗೆ ದುಡ್ಡು ಕೊಡಬೇಕು, ನೀನೇ ಬರಬೇಕು ಎಂದರು. ಬಂದ. ತೇರು ಮುಗಿಯುವವರೆಗೂ ಪೈಸೆ ಪೈಸೆ ಬರೆದಿಟ್ಟ, ಫೇಲಾದವರು ಮತ್ತೆ ಬರೆಯುವ ಪರೀಕ್ಷೆ–2ಕ್ಕೂ ಕುಳಿತ.

ಬೇರೆ ಊರಿನ ಶಿಕ್ಷಕರು ಕೇಳಿದರೆ ನಾನು ಹೇಳುವುದಿಷ್ಟು. ಜೀವಜಲದ (ಓಆರ್‌ಎಸ್) ಪೊಟ್ಟಣಗಳನ್ನು ಆಶಾ ಕಾರ್ಯಕರ್ತೆಯರಿಂದ ಪಡೆದು ಇಟ್ಟುಕೊಳ್ಳಿ. ಅವು ಮುಗಿದರೆ 1 ಲೀಟರ್ ಶುದ್ಧ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಅಳತೆಯಲ್ಲಿ. ತೇರು ಎಳೆಯುವಾಗ ಚಪ್ಪರ ಹಗ್ಗದ ದಾರಿಗೆ ಅಡ್ಡ ಬರದಂತೆ ನೋಡಿಕೊಳ್ಳಿ. ಖರ್ಚಿನ ಹಾಳೆಯನ್ನು ಮಕ್ಕಳ ಕೈಬರಹದಲ್ಲಿಯೇ ಪಂಚಾಯಿತಿ ಗೋಡೆಗೆ ಅಂಟಿಸಿ. ರೋಹಿಣಿ ಮಳೆ ಬಿದ್ದರೆ ಮಕ್ಕಳೆಲ್ಲ ಬಿತ್ತನೆಗೆ ಹೋಗುತ್ತಾರೆ, ಅದಕ್ಕೂ ಮುಂಚೆ ಹರವಿಗಳನ್ನು ತೊಳೆದು ನೆರಳಲ್ಲಿ ಬೋರಲು ಹಾಕಿ ಒಣಗಿಸಿ. ಹೊಸವು ಬೇಕಿದ್ದರೆ ಕುಂಬಾರರಿಗೆ ಶಿವರಾತ್ರಿಯೊಳಗೆ ಮುಂಗಡ ಕೊಡಿ; ಯುಗಾದಿ ದಾಟಿದ ಮೇಲೆ ಹೋದರೆ ಒಳ್ಳೆಯ ಹರವಿ ಸಿಗುವುದಿಲ್ಲ.