ದೋಣಿ ನೀರ ಮೇಲೇಳುತ್ತಿಲ್ಲವೇ? ಎಂಜಿನ್ ಬದಲಿಸುವ ಮುನ್ನ ಇಷ್ಟು ನೋಡಿ

16 ಅಡಿಯ ಫೈಬರ್ ದೋಣಿ, ಹಿಂದೆ 25 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಇಬ್ಬರು ಕೂತರೆ ಸಲೀಸಾಗಿ ಓಡುತ್ತದೆ. ನಾಲ್ವರು ಹತ್ತಿದರೆ ಮೂತಿ ಮೇಲಕ್ಕೆ, ಹಿಂಭಾಗ ನೀರಿಗೆ. ಥ್ರಾಟಲ್ ಪೂರ್ತಿ ತಿರುಗಿಸಿದರೂ ಹೆಚ್ಚುವುದು ಸದ್ದು ಮತ್ತು ಪೆಟ್ರೋಲಿನ ಖರ್ಚು ಮಾತ್ರ. ಅಳಿವೆಗಳಲ್ಲಿ, ಹಿನ್ನೀರಿನಲ್ಲಿ ದೋಣಿ ಓಡಿಸುವವರಿಗೆ ಈ ಪಾಡು ಗೊತ್ತಿದ್ದದ್ದೇ. ಆಗ ಮೊದಲು ಹೊಳೆಯುವುದು 40 ಎಚ್‌ಪಿ ಎಂಜಿನ್. ಅದು ಕೊನೆಗೆ ಹೊಳೆಯಬೇಕಾದದ್ದು. ತೂಕ, ತಳ, ಎಂಜಿನ್‌ನ ಎತ್ತರ, ಪ್ರೊಪೆಲ್ಲರ್ ಇವನ್ನು ಇದೇ ಕ್ರಮದಲ್ಲಿ ಸರಿಪಡಿಸಿದರೆ ಇರುವ ಎಂಜಿನ್ನೇ ಸಾಕಾಗುವುದು ಹೆಚ್ಚು.

ನಿಧಾನಕ್ಕೆ ಸಾಗುವ ದೋಣಿ ನೀರನ್ನು ಸೀಳಿ, ತಾನೇ ಎಬ್ಬಿಸಿದ ಅಲೆಯ ಹಿಂದೆ ಸಿಕ್ಕಿಕೊಳ್ಳುತ್ತದೆ. 16 ಅಡಿಯ ದೋಣಿಗೆ ಈ ಮಿತಿ ಗಂಟೆಗೆ ಸುಮಾರು 9–10 ಕಿ.ಮೀ. ಅದನ್ನು ದಾಟಲು ದೋಣಿ ಆ ಅಲೆಯನ್ನು ಹತ್ತಿ, ತಳದ ಹಿಂಭಾಗದ ಮೇಲಷ್ಟೇ ನಿಂತು ಜಾರಬೇಕು. ಇದೇ ಪ್ಲೇನಿಂಗ್. ಗಂಟೆಗೆ 10ರಿಂದ 20 ಕಿ.ಮೀ. ನಡುವಿನ ಏರು ಅತಿ ಕಷ್ಟದ್ದು. ಹೆಚ್ಚಿನ ದೋಣಿಗಳು ಸೋಲುವುದು ಅಲ್ಲೇ.

ಮೊದಲು ಅಳತೆ

ಎರಡು ಸಂಖ್ಯೆ ಬೇಕು: ವೇಗ ಮತ್ತು ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು. ವೇಗಕ್ಕೆ ಮೊಬೈಲಿನ ಜಿಪಿಎಸ್ ಸಾಕು. ಒಂದೇ ದಾರಿಯಲ್ಲಿ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ನೋಡಿ ಸರಾಸರಿ ತೆಗೆಯಿರಿ. ಇಲ್ಲವಾದರೆ ಉಬ್ಬರ ಇಳಿತದ ಸೆಳೆತವನ್ನೇ ಎಂಜಿನ್‌ನ ಬಲ ಎಂದು ಲೆಕ್ಕ ಹಾಕುತ್ತೀರಿ. ಆರ್‌ಪಿಎಂಗೆ ಸ್ಪಾರ್ಕ್ ಪ್ಲಗ್‌ನ ವೈರಿಗೆ ಸುತ್ತುವ ಸಣ್ಣ ಡಿಜಿಟಲ್ ಟ್ಯಾಕೋಮೀಟರ್ ಸಿಗುತ್ತದೆ. ನಿಂತಲ್ಲಿಂದ ಪ್ಲೇನಿಂಗ್‌ಗೆ ಎಷ್ಟು ಸೆಕೆಂಡ್ ಹಿಡಿಯಿತು ಎಂಬುದನ್ನೂ ಬರೆದಿಡಿ. ಜನ, ಇಂಧನ, ಸಾಮಾನು ಪ್ರತಿ ಪರೀಕ್ಷೆಯಲ್ಲೂ ಅಷ್ಟೇ ಇರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತೆಂದು ಗೊತ್ತಾಗುವುದಿಲ್ಲ.

ಇನ್ನೊಂದು ಪುಕ್ಕಟೆ ಪರೀಕ್ಷೆ: ಎಂಜಿನ್ ಬಂದ್ ಮಾಡಿ, ಮೇಲಿನ ಮುಚ್ಚಳ ತೆಗೆದು, ಒಬ್ಬರು ಥ್ರಾಟಲ್ ಪೂರ್ತಿ ತಿರುಗಿಸಲಿ. ಕಾರ್ಬುರೇಟರ್‌ನ ಚಿಟ್ಟೆ ಕವಾಟ ಪೂರ್ತಿ ತೆರೆಯುತ್ತದೆಯೇ ನೋಡಿ. ಕೇಬಲ್ ಸಡಿಲವಾಗಿ ಮುಕ್ಕಾಲು ಭಾಗ ಮಾತ್ರ ತೆರೆಯುತ್ತಿದ್ದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ತೂಕ

ಅಂದಾಜಿನ ಸೂತ್ರ: ಒಂದು ಎಚ್‌ಪಿಗೆ 23–25 ಕೆ.ಜಿ. ಮೀರಿದರೆ ಪ್ಲೇನಿಂಗ್ ಕಷ್ಟ. ಮೇಲಿನ ದೋಣಿಯನ್ನೇ ತೆಗೆದುಕೊಳ್ಳಿ. ದೋಣಿ 220 ಕೆ.ಜಿ., ಎಂಜಿನ್ 52, ತುಂಬಿದ 24 ಲೀಟರ್ ಟ್ಯಾಂಕ್ 20, ನಾಲ್ವರು 280. ಒಟ್ಟು 572 ಕೆ.ಜಿ., ಅಂದರೆ ಎಚ್‌ಪಿಗೆ 23. ಸರಿಯಾಗಿ ಅಂಚಿನಲ್ಲಿದೆ. ಇದರ ಮೇಲೆ ಲಂಗರು, ಬ್ಯಾಟರಿ, ಮಂಜುಗಡ್ಡೆಯ ಪೆಟ್ಟಿಗೆ, ತಳದಲ್ಲಿ ನಿಂತ 30 ಲೀಟರ್ ನೀರು ಸೇರಿದರೆ ಮುಗಿಯಿತು. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ ಪೆಟ್ರೋಲಿನಷ್ಟು ಶಕ್ತಿ ಕೊಡುವುದಿಲ್ಲ. ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಹಳೆಯ ದೋಣಿಯ ಅಸಲಿ ಕಳ್ಳ ತಳದ ಎರಡು ಪದರಗಳ ನಡುವಿನ ಫೋಮ್. ಬಿರುಕಿನಲ್ಲಿ ನುಗ್ಗಿದ ನೀರು ಅದರೊಳಗೆ ಕೂತು ಹೊರಬರುವುದೇ ಇಲ್ಲ. ಪತ್ತೆಗೆ ಲಾರಿ ತೂಗುವ ವೇಬ್ರಿಡ್ಜ್ ಸುಲಭ: ವಾಹನವನ್ನು ದೋಣಿಯೊಂದಿಗೆ ಒಮ್ಮೆ, ದೋಣಿಯಿಲ್ಲದೆ ಒಮ್ಮೆ ತೂಗಿಸಿ. ಕಟ್ಟಿದವರು ಹೇಳಿದ ತೂಕಕ್ಕಿಂತ 50–60 ಕೆ.ಜಿ. ಹೆಚ್ಚಿದ್ದರೆ ಒಳಗಿನ ನೆಲಹಾಸಿನಲ್ಲಿ ಸಣ್ಣ ರಂಧ್ರ ಕೊರೆದು ಫೋಮ್ ನೋಡಿ. ಒದ್ದೆಯಿದ್ದರೆ ತೆಗೆದು ಹೊಸದು ತುಂಬಿ. ತೇಲಿಸುವ ಫೋಮ್ ಇಲ್ಲದೆ ಬಿಡಬೇಡಿ; ದೋಣಿ ಮಗುಚಿದಾಗ ಅದೇ ಆಸರೆ.

ತೂಕ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಓಡಿಸುವವರು, ಎಂಜಿನ್, ಟ್ಯಾಂಕ್ ಮೂರೂ ಹಿಂದೆ ಇದ್ದರೆ ಮೂತಿ ಏಳದೆ ಏನು ಮಾಡೀತು? ಟ್ಯಾಂಕನ್ನು ನಡುವಿನ ಹಲಗೆಯ ಕೆಳಗೆ ಸರಿಸಿ ಕಟ್ಟಿ, ಉದ್ದದ ಪೈಪ್ ಹಾಕಿ. ಆದರೆ ಅತಿಯಾಗಿ ಮುಂದೆ ಹೊರಿಸಿದರೆ ಮೂತಿ ನೀರಿಗೆ ಕಚ್ಚಿ, ದೋಣಿ ತಿರುವಿನಲ್ಲಿ ಇದ್ದಕ್ಕಿದ್ದಂತೆ ಹೊರಳುತ್ತದೆ.

ತಳ

ದೋಣಿಯನ್ನು ದಡಕ್ಕೆ ಎಳೆದಾಗ ತಳವನ್ನು ಕೈಯಲ್ಲಿ ಸವರಿ. ಬಾರ್ನಕಲ್ ಚಿಪ್ಪು, ಪಾಚಿ ಇದ್ದರೆ ಮರದ ಅಥವಾ ಪ್ಲಾಸ್ಟಿಕ್ ಉಜ್ಜುಗದಿಂದ ತೆಗೆಯಿರಿ. ಇದು ಎಲ್ಲರಿಗೂ ಗೊತ್ತು. ಕಡಿಮೆ ಜನ ನೋಡುವುದು ತಳದ ನೇರವನ್ನು.

ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಚೌಕ ಪೈಪನ್ನು ತಳದ ಹಿಂಭಾಗಕ್ಕೆ ಉದ್ದುದ್ದ ಒತ್ತಿ ಹಿಡಿಯಿರಿ. ಎರಡು ತುದಿ ತಾಗಿ ನಡುವೆ ಸಂದು ಕಂಡರೆ ತಳ ಒಳಕ್ಕೆ ಬಾಗಿದೆ. ಇಂಥ ತಳ ಮೂತಿಯನ್ನು ಒತ್ತಿ ಹಿಡಿದು ವೇಗ ತಿನ್ನುತ್ತದೆ. ಆಸರೆಯ ಮರದ ತುಂಡುಗಳನ್ನು ತಪ್ಪು ಜಾಗದಲ್ಲಿಟ್ಟು ತಿಂಗಳುಗಟ್ಟಲೆ ನಿಲ್ಲಿಸಿದ ದೋಣಿಗಳಿಗೆ ಹೀಗಾಗುತ್ತದೆ. ಪೈಪ್ ತೊಟ್ಟಿಲಂತೆ ತೂಗಿದರೆ ತಳ ಹೊರಕ್ಕೆ ಉಬ್ಬಿದೆ. ಅದು ಮೂತಿ ಕುಪ್ಪಳಿಸಲು ಕಾರಣ. ಕೊನೆಯ ಒಂದೂವರೆ ಮೀಟರಿನಲ್ಲಿ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎಪಾಕ್ಸಿ ಪುಟ್ಟಿ ತುಂಬಿ, ಉದ್ದನೆಯ ಹಲಗೆಗೆ ಅಂಟಿಸಿದ ಮರಳು ಕಾಗದದಿಂದ ನೇರ ಮಾಡಿ. ಉಬ್ಬನ್ನು ಉಜ್ಜಿ ತೆಗೆಯಲು ಹೋಗಬೇಡಿ. ಫೈಬರ್ ಪದರ ತೆಳುವಾಗುತ್ತದೆ. ತಳ ಮುಗಿದು, ಎಂಜಿನ್ ಕಟ್ಟುವ ಹಿಂಬದಿ ಹಲಗೆ ಶುರುವಾಗುವ ಅಂಚು ಚೂಪಾಗಿರಲಿ. ಮರಳಲ್ಲಿ ಎಳೆದೆಳೆದು ಅದು ದುಂಡಗಾದರೆ ನೀರು ಅಲ್ಲಿ ಕಡಿದು ಬೀಳದೆ ಹಲಗೆಗೆ ಅಂಟಿ ದೋಣಿಯನ್ನು ಹಿಂದಕ್ಕೆಳೆಯುತ್ತದೆ.

ಮರಳಲ್ಲಿ ಎಳೆಯಲೆಂದು ತಳದ ನಡುವೆ ಉದ್ದಕ್ಕೂ ದಪ್ಪ ಏರಾ (ಕೀಲ್ ಪಟ್ಟಿ) ಕಟ್ಟಿದ್ದರೆ ಅದು ಪ್ರೊಪೆಲ್ಲರಿನ ಮುಂದೆಯೇ ಮೊಂಡಾಗಿ ಮುಗಿಯಬಾರದು. ಅಲ್ಲಿ ಹುಟ್ಟುವ ನೊರೆ ನೇರ ಪ್ರೊಪೆಲ್ಲರಿಗೆ ಹೋಗುತ್ತದೆ. ಕೊನೆಯ ಎರಡಡಿಯನ್ನು ಇಳಿಜಾರು ಮಾಡಿ, ಕತ್ತರಿಸಿದ ಜಾಗಕ್ಕೆ ಎಪಾಕ್ಸಿ ಬಳಿಯಿರಿ.

ಎತ್ತರ ಮತ್ತು ಓರೆ

ಪ್ರೊಪೆಲ್ಲರಿನ ಮೇಲೆ ಚಾಚಿರುವ ತಟ್ಟೆಯನ್ನು ಮೆಕ್ಯಾನಿಕ್‌ಗಳು ಕ್ಯಾವಿಟೇಷನ್ ಪ್ಲೇಟ್ ಎನ್ನುತ್ತಾರೆ. ಅದು ದೋಣಿಯ ತಳದ ಮಟ್ಟಕ್ಕೆ, ಇಲ್ಲವೇ ಒಂದು ಇಂಚು ಮೇಲೆ ಇರಬೇಕು. ಎರಡು ಇಂಚು ಕೆಳಗಿದ್ದರೆ ಎಂಜಿನ್‌ನ ಕಾಲು ನೀರನ್ನು ಸುಮ್ಮನೆ ಉಳುತ್ತಿರುತ್ತದೆ. ಗಿಡ್ಡ ಕಾಲಿನ ಎಂಜಿನ್‌ಗೆ ಹಿಂಬದಿ ಹಲಗೆ 15 ಇಂಚು, ಉದ್ದ ಕಾಲಿನದಕ್ಕೆ 20 ಇಂಚು ಎಂಬುದು ಲೆಕ್ಕ. 15 ಇಂಚಿನ ಹಲಗೆಗೆ ಉದ್ದ ಕಾಲು ಸಿಕ್ಕಿಸಿದವರಿಗೆ ಕೊರತೆಯಿಲ್ಲ.

ಎಂಜಿನ್ ಎತ್ತಲು ಕ್ಲಾಂಪಿನಡಿ 12 ಮಿ.ಮೀ. ದಪ್ಪದ ಗಟ್ಟಿ ಪಟ್ಟಿ ಇಟ್ಟು ಬೋಲ್ಟ್ ಬಿಗಿಯಿರಿ, ಓಡಿಸಿ ನೋಡಿ, ಮತ್ತೆ ಒಂದು ಪಟ್ಟಿ. ತಿರುವಿನಲ್ಲಿ ಎಂಜಿನ್ ಏಕಾಏಕಿ ಕಿರುಚಿ ವೇಗ ಬಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆಯುತ್ತಿದೆ. ಒಂದು ಪಟ್ಟಿ ತೆಗೆಯಿರಿ. ಎಂಜಿನ್ ತಣಿಸಿ ಹೊರಚಿಮ್ಮುವ ನೀರಿನ ಧಾರೆ ಸಣ್ಣಗಾದರೆ ತಕ್ಷಣ ನಿಲ್ಲಿಸಿ, ನೀರೆಳೆಯುವ ಕಂಡಿ ಮೇಲೆ ಬಂದಿದೆ.

ಎಂಜಿನ್‌ನ ಓರೆ ಬದಲಿಸಲು ಅದರ ಕ್ಲಾಂಪಿನಲ್ಲಿ ಪಿನ್ನಿನ ತೂತುಗಳಿವೆ. ದೋಣಿ ಪ್ಲೇನಿಂಗ್‌ನಲ್ಲಿರುವಾಗ ತಟ್ಟೆ ನೀರಿಗೆ ಸಮಾನಾಂತರ ಇರುವ ತೂತಿನಿಂದ ಶುರು ಮಾಡಿ. ಏರು ದಾಟದಿದ್ದರೆ ಪಿನ್ ಒಂದು ತೂತು ಒಳಕ್ಕೆ (ದೋಣಿಯ ಕಡೆಗೆ), ಎದ್ದ ಮೇಲೆ ಮೂತಿ ತಗ್ಗಿ ನೀರು ಎರಚುತ್ತಿದ್ದರೆ ಒಂದು ತೂತು ಹೊರಕ್ಕೆ. ಕುಪ್ಪಳಿಸಿದರೆ ಮತ್ತೆ ಒಳಕ್ಕೆ.

ಪ್ರೊಪೆಲ್ಲರ್

ಪೂರ್ತಿ ಥ್ರಾಟಲಿನಲ್ಲಿ ಕೈಪಿಡಿ ಹೇಳಿದ ಆರ್‌ಪಿಎಂ ಬರಬೇಕು. ಹಲವು ಎಂಜಿನ್‌ಗಳಿಗೆ ಇದು 5000–6000. ಮಾಮೂಲಿ ಹೊರೆಯಲ್ಲಿ 4600 ಮಾತ್ರ ಬಂದರೆ, ಎಂಜಿನ್ ಆರೋಗ್ಯವಾಗಿದ್ದರೆ, ಪಿಚ್ (ಪ್ರೊಪೆಲ್ಲರ್ ಜಾರದೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ, ಇಂಚಿನಲ್ಲಿ) ಹೆಚ್ಚಾಗಿದೆ. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 200 ಆರ್‌ಪಿಎಂ ಏರುತ್ತದೆ. 13ರ ಬದಲು 11 ಹಾಕಿ. 6000 ಮೀರಿದರೆ ಪಿಚ್ ಏರಿಸಿ.

ಜಾರಿಕೆಯನ್ನೂ, ಅಂದರೆ ಪ್ರೊಪೆಲ್ಲರ್ ಸುತ್ತಿದಷ್ಟು ದೋಣಿ ಮುಂದೆ ಹೋಗದಿರುವ ಪ್ರಮಾಣವನ್ನೂ, ಲೆಕ್ಕ ಹಾಕಿ. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತದಿಂದ (ಪ್ರೊಪೆಲ್ಲರಿನ ಒಂದು ಸುತ್ತಿಗೆ ಎಂಜಿನ್ ಹಾಕುವ ಸುತ್ತು) ಭಾಗಿಸಿ, 0.001524ರಿಂದ ಗುಣಿಸಿದರೆ ಜಾರದೆ ಹೋಗಬಹುದಾದ ಕಿ.ಮೀ. ವೇಗ. 5200 ಆರ್‌ಪಿಎಂ, 12 ಇಂಚು, 2.08 ಅನುಪಾತಕ್ಕೆ 45.7 ಬರುತ್ತದೆ. ಜಿಪಿಎಸ್ 37 ತೋರಿಸಿದರೆ ಜಾರಿಕೆ ಶೇ 19; ಸರಿಯಿದೆ. ಶೇ 30 ದಾಟಿದರೆ ಬಾಗಿದ ರೆಕ್ಕೆ, ನೊರೆ, ಇಲ್ಲವೇ ಒಳಗಿನ ರಬ್ಬರ್ ಹಬ್ ಜಾರುತ್ತಿರುವುದು ಕಾರಣ. ಪ್ರೊಪೆಲ್ಲರ್ ಕಳಚಿದಾಗ ಹಿಂದೆ ಸುತ್ತಿದ ನೈಲಾನ್ ದಾರ ತೆಗೆಯಿರಿ, ಅದು ಆಯಿಲ್ ಸೀಲ್ ಕೊಯ್ಯುತ್ತದೆ. ಸ್ಟೀಲ್ ಪ್ರೊಪೆಲ್ಲರ್ ತೆಳುವಾದ್ದರಿಂದ ವೇಗ ಕೊಡುತ್ತದೆ ನಿಜ, ಆದರೆ ಬಂಡೆಗೆ ತಾಗಿದರೆ ಪೆಟ್ಟು ಗೇರಿಗೆ. ಅಳಿವೆಯಲ್ಲಿ ಓಡಿಸುವವರಿಗೆ ಅಲ್ಯೂಮಿನಿಯಮ್ಮೇ ಕ್ಷೇಮ. ಸದಾ ಹೊರೆ ಹೊರುವ ದೋಣಿಗೆ ನಾಲ್ಕು ರೆಕ್ಕೆಯದು ಬೇಗ ಎಬ್ಬಿಸುತ್ತದೆ, ಗರಿಷ್ಠ ವೇಗ ಸ್ವಲ್ಪ ಕಡಿಮೆ.

ಕ್ಯಾವಿಟೇಷನ್ ಪ್ಲೇಟಿಗೆ ಸಿಕ್ಕಿಸುವ ಪ್ಲಾಸ್ಟಿಕ್ ರೆಕ್ಕೆಗಳು ಹಿಂಭಾಗವನ್ನು ಎತ್ತುತ್ತವೆ, ಆದರೆ ಮೇಲಿನ ತಪ್ಪುಗಳನ್ನು ಮುಚ್ಚಿಡುತ್ತವೆ ಕೂಡ. ಹಾಕುವುದಾದರೆ ತೂತು ಕೊರೆಯದೆ ಕ್ಲಾಂಪ್ ಮಾಡುವ ಬಗೆಯದನ್ನು ಆರಿಸಿ. ಇನ್ನು 9.9 ಎಚ್‌ಪಿ ಕಟ್ಟಿದ, ಹಿಂಭಾಗ ಮೇಲಕ್ಕೆ ಬಾಗಿ ಚೂಪಾದ ಉದ್ದನೆಯ ನಾಡದೋಣಿಗೆ ಇದ್ಯಾವುದೂ ಬೇಡ. ಅದು ಪ್ಲೇನಿಂಗ್‌ಗೆ ಕಟ್ಟಿದ ದೋಣಿಯೇ ಅಲ್ಲ. ಅದಕ್ಕೆ ಸಣ್ಣ ಪಿಚ್ ಹಾಕಿ, ಮೂತಿ ಏಳಲು ಶುರುವಾಗುವಲ್ಲಿ ಥ್ರಾಟಲ್ ಏರಿಸುವುದನ್ನು ನಿಲ್ಲಿಸಿದರೆ ಆಯಿತು. ಅದರಾಚೆ ಸುರಿದ ಇಂಧನವೆಲ್ಲ ಅಲೆ ಎಬ್ಬಿಸಲಿಕ್ಕೇ ಹೋಗುತ್ತದೆ.