ಹಾಲಿನಿಂದಲೇ ಕೆಚ್ಚಲ ಕೋಶ, ಅದಕ್ಕೆ ಎಲ್‌ಪಿಎಸ್: ನನ್ನ ಅನುಭವ

ಹಾಲಿನಿಂದ ಬೆಳೆಸಿದ ಎಪಿಥೀಲಿಯಲ್ ಕೋಶ (ಕೆಚ್ಚಲ ಒಳಪದರದ ಕೋಶ) ಎಲ್‌ಪಿಎಸ್‌ಗೆ (ಇ. ಕೋಲಿಯಂಥ ಬ್ಯಾಕ್ಟೀರಿಯಾದ ಹೊರಪದರದ ವಿಷ) ಸ್ಪಂದಿಸುವುದಿಲ್ಲ, ಸ್ಪಂದಿಸಿದರೂ ಅದು ನಡುವೆ ಸೇರಿಕೊಂಡ ಮ್ಯಾಕ್ರೋಫೇಜ್‌ಗಳ (ಬ್ಯಾಕ್ಟೀರಿಯಾ ನುಂಗುವ ಬಿಳಿ ರಕ್ತಕೋಶ) ಆಟ ಅನ್ನುವ ಮಾತು ಬಹಳ ಕೇಳಿಯಾಯಿತು. ಈಗ ನನ್ನ ತಟ್ಟೆಯಲ್ಲಿ ಎಲ್‌ಪಿಎಸ್ ಹಾಕಿದ ಮೂರು ಗಂಟೆಗೇ ಉರಿಯೂತದ ಸಂಕೇತವಾದ ಐಎಲ್-8 ಹೆಚ್ಚುಕಡಿಮೆ ಇಪ್ಪತ್ತು ಪಟ್ಟು ಏರುತ್ತದೆ, ಹಸು ಬದಲಾಯಿಸಿದರೂ ಅಷ್ಟೇ. ಬಿಳಿ ರಕ್ತಕೋಶಗಳ ಗುರುತಾದ ಸಿಡಿ-45ರ ಪ್ರೈಮರ್ ಹಾಕಿ ಪಿಸಿಆರ್ ನಲವತ್ತು ಸೈಕಲ್ ಓಡಿಸಿದರೂ ಗೆರೆ ಏಳುವುದಿಲ್ಲ. ಮ್ಯಾಕ್ರೋಫೇಜ್ ಇದೆ ಅನ್ನುವವರು ತೋರಿಸಲಿ.

ಹಾಲೇ ಯಾಕೆ ಅಂದರೆ, ಕೆಚ್ಚಲ ತುಂಡು ಸಿಗುವ ಜಾಗ ಕಸಾಯಿಖಾನೆ, ಆದರೆ ಕರ್ನಾಟಕದಲ್ಲಿ 2021ರಿಂದ ದನ-ಎಮ್ಮೆಗಳ ಪೈಕಿ ಕಸಾಯಿಖಾನೆಗೆ ಕಾನೂನುಬದ್ಧವಾಗಿ ಬರುವುದು 13 ವರ್ಷ ದಾಟಿದ ಎಮ್ಮೆ ಮಾತ್ರ. ಆ ಬತ್ತಿದ ಕೆಚ್ಚಲಿಗೆ ಕೋಶ ಬಿಡಿಸುವ ಕಿಣ್ವ ಕೊಲಾಜಿನೇಸ್ ಎಷ್ಟು ಸುರಿದರೂ ಸಿಗುವುದು ಬಹುಪಾಲು ಫೈಬ್ರೋಬ್ಲಾಸ್ಟ್ (ನಾರಿನ ಅಂಗಾಂಶದ ಕೋಶ).

ಸಿಎಂಟಿ (ಕೆಚ್ಚಲುಬಾವಿನ ಪರೀಕ್ಷೆ) ನೆಗೆಟಿವ್ ಇರುವ ಮೊಲೆಯಿಂದ, ಮೊದಲ ಧಾರೆಗಳನ್ನು ಬಿಟ್ಟು, ಒಂದು ಲೀಟರ್ ಕರೆಸಿಕೊಳ್ಳಿ. ಸೆಂಟ್ರಿಫ್ಯೂಜ್‌ನಲ್ಲಿ 4 ಡಿಗ್ರಿಯಲ್ಲಿ 800 ಜಿ, ಇಪ್ಪತ್ತು ನಿಮಿಷ ತಿರುಗಿಸಿ. ತಳದಲ್ಲಿ ಕೂತ ಬಿಳಿ ಗಸಿಯೆಲ್ಲ ಕೋಶವಲ್ಲ, ಹೆಚ್ಚಿನದು ಹಾಲಿನ ಪ್ರೋಟೀನ್ ಕೇಸೀನ್. ಪಿಬಿಎಸ್‌ಗೆ (ಫಾಸ್ಫೇಟ್ ಉಪ್ಪುನೀರು) ಕ್ಯಾಲ್ಸಿಯಂ ಹಿಡಿಯುವ ಇಡಿಟಿಎ ಸ್ವಲ್ಪ ಸೇರಿಸಿ ಎರಡು ಸಲ ತೊಳೆದರೆ ಅದು ಕರಗಿ ಹೋಗುತ್ತದೆ. ಕೊಲಾಜೆನ್ ಹಚ್ಚಿದ ತಟ್ಟೆಯಲ್ಲಿ ಹತ್ತು ದಿನದೊಳಗೆ ಕಲ್ಲು ಹಾಸಿದಂಥ ಕಾಲನಿ ಕಾಣಬೇಕು. ಕೊಲಾಜೆನ್ ಜೊತೆ ಇನ್ನೊಂದು ವಸ್ತು ಹಚ್ಚುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ತಟ್ಟೆಯಿಂದ ಕೋಶ ಬಿಡಿಸುವ ಕಿಣ್ವ ಟ್ರಿಪ್ಸಿನ್ ಹಾಕಿದ ಎರಡು-ಮೂರು ನಿಮಿಷಕ್ಕೆ ಏಳುವುದು ಫೈಬ್ರೋಬ್ಲಾಸ್ಟ್, ಅದನ್ನು ಚೆಲ್ಲಿ. ಎಂಟು-ಹತ್ತಕ್ಕೆ ಏಳುವುದು ನಮ್ಮದು. ಆಮೇಲೂ ತಟ್ಟೆ ಬಿಡದವು ಮ್ಯಾಕ್ರೋಫೇಜ್, ಅವು ಹಳೆಯ ತಟ್ಟೆಯಲ್ಲೇ ಉಳಿಯಲಿ. ಐದನೇ ಪ್ಯಾಸೇಜ್ (ಹೊಸ ತಟ್ಟೆಗೆ ವರ್ಗ) ದಾಟಿದ ಕೋಶವನ್ನು ನಾನು ನಂಬುವುದಿಲ್ಲ.

ದುಡ್ಡು ಕರಗಿದ್ದು ಇದರ ನಂತರ. ಎಫ್‌ಬಿಎಸ್ (ದನದ ಭ್ರೂಣದ ಸೀರಂ) ಬಾಟಲಿ ಐವತ್ತು ಸಾವಿರದ ಆಸುಪಾಸು, ಐಎಲ್-8 ಅಳೆಯುವ ಎಲೈಸಾ ಕಿಟ್ ಅದಕ್ಕೂ ಮೇಲೆ. ಮೊದಮೊದಲು ಪ್ಲೇಟಿನ ಮೇಲೆ ಪ್ಲೇಟು ಓಡಿದರೂ ಎಲ್‌ಪಿಎಸ್ ಹಾಕದ ಕಂಟ್ರೋಲ್‌ಗೂ ಹಾಕಿದ್ದಕ್ಕೂ ವ್ಯತ್ಯಾಸವೇ ಇರಲಿಲ್ಲ. ಕಾರಣ ಒಂದಲ್ಲ, ಮೂರು.

ಕೋಶ ಬೆಳೆಯಲೆಂದು ಮೀಡಿಯಂಗೆ (ಪೋಷಕ ದ್ರಾವಣ) ಹಾಕುವ ಹೈಡ್ರೋಕಾರ್ಟಿಸೋನ್ ಉರಿಯೂತವನ್ನೇ ಅಡಗಿಸುವ ಸ್ಟೀರಾಯ್ಡ್. ಎಲ್‌ಪಿಎಸ್ ಹಾಕುವ 24 ಗಂಟೆ ಮೊದಲೇ ಅದನ್ನು ತೆಗೆಯಬೇಕು. ಎರಡನೆಯದು, ಸೀರಂ ಪೂರ್ತಿ ತೆಗೆದು ಉಪವಾಸ ಕೆಡವುವ ರೂಢಿ. ಎಲ್‌ಪಿಎಸ್ ಗುರುತಿಸುವ ಗ್ರಾಹಕ ಟಿಎಲ್‌ಆರ್-4ಗೆ ಅದನ್ನು ತಲುಪಿಸಲು ಸಿಡಿ-14 ಎಂಬ ಪ್ರೋಟೀನ್ ಬೇಕು. ಎಪಿಥೀಲಿಯಲ್ ಕೋಶದ ಮೇಲೆ ಸಿಡಿ-14 ಕಡಿಮೆ, ಹೆಚ್ಚಾಗಿ ಸೀರಂನಿಂದಲೇ ಬರಬೇಕು. ಶೇ. 1 ಎಫ್‌ಬಿಎಸ್ ಉಳಿಸಿದರೆ ಸಾಕು. ಕೆನೆ ತೆಗೆದ ಹಾಲಿನ ತಿಳಿ ಸೇರಿಸಿಯೂ ನೋಡಿದೆ. ಅದರಲ್ಲೂ ಸಿಡಿ-14 ಇದೆ, ಕೆಲಸ ಆಗುತ್ತದೆ, ಆದರೆ ಬ್ಯಾಚಿನಿಂದ ಬ್ಯಾಚಿಗೆ ಏರುಪೇರು. ಮೂರನೆಯದು ನೀರು. ಆಟೋಕ್ಲೇವ್ ಬ್ಯಾಕ್ಟೀರಿಯಾ ಕೊಂದರೂ ಎಂಡೋಟಾಕ್ಸಿನ್ (ಅಂದರೆ ಎಲ್‌ಪಿಎಸ್) ಉಳಿಯುತ್ತದೆ, ಹಾಗಾಗಿ ಕಂಟ್ರೋಲ್ ಕೋಶಗಳು ಮೊದಲೇ ಕೆರಳಿ ಕೂತಿರುತ್ತವೆ. ಔಷಧಿ ಅಂಗಡಿಯ ಇಂಜೆಕ್ಷನ್ ನೀರು ತನ್ನಿ. ಗಾಜಿನ ಸಾಮಾನನ್ನು ಒಣಶಾಖದಲ್ಲಿ 180 ಡಿಗ್ರಿಗೆ ನಾಲ್ಕು ಗಂಟೆ ಇಡಿ.

ಮೀಡಿಯಂಗೆ ಹಾಕಲು ಅದೇ ಅಂಗಡಿಯಲ್ಲಿ ಇನ್ಸುಲಿನ್ ಕೂಡ ತೆಗೆದುಕೊಳ್ಳಿ. ಮಿಲಿಗೆ 40 ಯೂನಿಟ್ ಇರುವ ವಯಲ್‌ನಲ್ಲಿ ಮಿಲಿಗೆ ಸುಮಾರು 1.4 ಮಿಲಿಗ್ರಾಂ, ಅಂದರೆ ಲೀಟರ್ ಮೀಡಿಯಂಗೆ ಮೂರೂವರೆ ಮಿಲಿ ಹಾಕಿದರೆ ಮಿಲಿಗೆ ಸುಮಾರು 5 ಮೈಕ್ರೋಗ್ರಾಂ ಲೆಕ್ಕ. ತಿಳಿಯಾದ ರೆಗ್ಯುಲರ್ ಮಾತ್ರ. ಹಾಲಿನಂತಿರುವ ಎನ್‌ಪಿಎಚ್‌ನಲ್ಲಿ ಪ್ರೋಟಮೀನ್ ಇರುತ್ತದೆ, ಬೇಡ.

ಎಲ್‌ಪಿಎಸ್ ಮಿಲಿಗೆ 1 ಮೈಕ್ರೋಗ್ರಾಂ ಸಾಕು, 20ರವರೆಗೆ ಏರಿಸಿ ಲಾಭ ಕಾಣಲಿಲ್ಲ. ಸ್ಟಾಕ್ ಅನ್ನು ಪ್ರತಿ ಸಲ ಸೋನಿಕೇಟ್ ಮಾಡಿ, ಇಲ್ಲದಿದ್ದರೆ ಗಂಟುಗಟ್ಟುತ್ತದೆ. ಉರಿಯೂತದ ಜೀನ್‌ಗಳಲ್ಲಿ ಬೇಗ ಏಳುವ ಟಿಎನ್‌ಎಫ್, ಐಎಲ್-8 ಅಳೆಯಲು 3 ಮತ್ತು 6 ಗಂಟೆ, ತಡವಾಗಿ ಏಳುವ ಎಸ್‌ಎಎ-3ಗೆ 24. ಪಿಸಿಆರ್‌ನಲ್ಲಿ ಹೋಲಿಕೆಯ ಜೀನ್ ಆಗಿ ಜಿಎಪಿಡಿಎಚ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಆರ್‌ಪಿಎಸ್-9, ಯುಎಕ್ಸ್‌ಟಿ ಜೊತೆಗಿರಲಿ.

ನಡುವೆ ಇನ್ನೊಂದು ಪ್ರಯತ್ನ: ಮೊದಲೇ ಎಲ್‌ಪಿಎಸ್‌ನ ಸಣ್ಣ ಡೋಸ್ ಕೊಟ್ಟು, ತೊಳೆದು, ಒಂದು ದಿನ ಬಿಟ್ಟು ಮತ್ತೆ ಕೊಟ್ಟರೆ ಟಿಎನ್‌ಎಫ್ ಅರ್ಧಕ್ಕಿಂತ ಕೆಳಗಿಳಿಯಿತು. ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್ ಎಲ್‌ಎಪಿ ಮಾತ್ರ ಇಳಿಯಲಿಲ್ಲ.

ಸ್ಟ್ಯಾಫ್‌ನಂಥ ಬ್ಯಾಕ್ಟೀರಿಯಾದ ಕೋಶಭಿತ್ತಿಯ ಅಂಶವಾದ ಎಲ್‌ಟಿಎ ವಿಷಯದಲ್ಲಿ ಹುಷಾರು. ಕೊಂಡು ತಂದ ಸ್ಟ್ಯಾಫ್ ಆರಿಯಸ್ ಎಲ್‌ಟಿಎ ಮೊದಲು ಭರ್ಜರಿಯಾಗಿಯೇ ಕೆರಳಿಸಿತು. ಎಲ್‌ಪಿಎಸ್ ಅನ್ನು ಹಿಡಿದುಹಾಕುವ ಪಾಲಿಮಿಕ್ಸಿನ್-ಬಿ ಮಿಲಿಗೆ 10 ಮೈಕ್ರೋಗ್ರಾಂ ಸೇರಿಸಿದಾಗ ಹೆಚ್ಚಿನಂಶ ಮಾಯ. ಅಂದರೆ ಅದರಲ್ಲಿ ಎಲ್‌ಪಿಎಸ್ ಬೆರೆತಿತ್ತು. ಶುದ್ಧವಾದದ್ದಕ್ಕೆ ಐಎಲ್-8 ಎರಡು-ಮೂರು ಪಟ್ಟು ಏರಿದರೆ ಹೆಚ್ಚು, ಟಿಎನ್‌ಎಫ್ ಅಲುಗುವುದೂ ಕಷ್ಟ. ಇ. ಕೋಲಿ ಕೆಚ್ಚಲುಬಾವು ಒಂದೇ ದಿನದಲ್ಲಿ ಹಸುವನ್ನು ಮಲಗಿಸುವುದನ್ನೂ ಸ್ಟ್ಯಾಫ್ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂರುವುದನ್ನೂ ಕಂಡವರಿಗೆ ಇದು ಅಚ್ಚರಿಯಲ್ಲ.