ಕಾನೂನಿನಲ್ಲಿ, ಪಾಲಿಸಿಯಲ್ಲಿ ‘ಅಂಗವೈಕಲ್ಯ’: ಓದುವುದು ಹೇಗೆ?

ಅಪಘಾತ ವಿಮೆಯ ಪಾಲಿಸಿಗಳಲ್ಲಿ ಇಂಥದೊಂದು ಸಾಲು ಇರುತ್ತದೆ: ‘ಕೈ ನಷ್ಟವೆಂದರೆ ಮಣಿಕಟ್ಟಿನಲ್ಲಿ ಅಥವಾ ಅದಕ್ಕಿಂತ ಮೇಲೆ ಕೈ ದೇಹದಿಂದ ಬೇರ್ಪಡುವುದು.’ ನರ ತುಂಡಾಗಿ ಬಲಗೈ ಸ್ವಾಧೀನ ತಪ್ಪಿದವರನ್ನು ನೆನೆಸಿಕೊಳ್ಳಿ. ಅವರಿಗೆ ತುತ್ತು ಎತ್ತಲು ಆಗುವುದಿಲ್ಲ, ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ. ಆದರೆ ಕೈ ಭುಜದಲ್ಲೇ ಇದೆ. ಹಾಗಾಗಿ ಆ ಸಾಲಿನ ಲೆಕ್ಕದಲ್ಲಿ ಅವರು ಕೈ ಕಳೆದುಕೊಂಡವರಲ್ಲ. ಬೇರೆ ಪಾಲಿಸಿಯಲ್ಲಿ ಅದೇ ಸಾಲಿನ ಮುಂದೆ ‘ಅಥವಾ ಕೈಯ ಬಳಕೆ ಶಾಶ್ವತವಾಗಿ ನಿಂತುಹೋಗುವುದು’ ಎಂದು ಸೇರಿಸಿರುತ್ತಾರೆ. ಪರಿಹಾರ ಸಿಗುವುದೂ ತಪ್ಪುವುದೂ ಅಷ್ಟರ ಮೇಲೆ ನಿಂತಿರುತ್ತದೆ.

ಅಂಗವೈಕಲ್ಯ ಎಂಬ ಪದಕ್ಕೆ ಎಲ್ಲ ಕಾಗದಗಳಿಗೂ ಹೊಂದುವ ಒಂದೇ ಅರ್ಥವಿಲ್ಲ. ಒಂದು ಕಡೆ ನಡೆಯುವ ಸರ್ಟಿಫಿಕೇಟು ಇನ್ನೊಂದು ಕಡೆ ನಡೆಯದಿರಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ತಮಗೆ ನ್ಯಾಯವಾಗಿ ಬರಬೇಕಾದ್ದನ್ನು ಬಿಟ್ಟುಬಿಡುತ್ತಾರೆ.

ಮೊದಲು, ಕಾಗದ ಯಾವುದಕ್ಕಾಗಿ ಎಂದು ನೋಡಿ

ತಾರತಮ್ಯ ತಡೆಯುವ ಕಾನೂನಿನ ವ್ಯಾಖ್ಯೆ ಸಾಮಾನ್ಯವಾಗಿ ವಿಶಾಲ. ಹಣ ಕೊಡುವ ಯೋಜನೆಯದು ಬಿಗಿ. ಅಮೆರಿಕದಲ್ಲಿ ಇವೆರಡೂ ಒಂದೇ ದೇಶದೊಳಗೆ ಅಕ್ಕಪಕ್ಕ ಇವೆ. ಅಲ್ಲಿನ 1990ರ ಅಂಗವಿಕಲರ ಕಾಯ್ದೆಯ ಪ್ರಕಾರ, ಬದುಕಿನ ಒಂದು ಮುಖ್ಯ ಚಟುವಟಿಕೆಗೆ ಗಣನೀಯ ಅಡ್ಡಿಯಾದರೂ ಅದು ಅಂಗವೈಕಲ್ಯವೇ. ಸಾಮಾಜಿಕ ಭದ್ರತೆಯ ಹಣ ಬೇಕಾದರೆ ಮಾತ್ರ, ಗಣನೀಯ ಗಳಿಕೆಯ ಯಾವ ಕೆಲಸವನ್ನೂ ಮಾಡಲಾಗದ ಸ್ಥಿತಿ ಇರಬೇಕು; ಅದು ಕನಿಷ್ಠ 12 ತಿಂಗಳು ಮುಂದುವರಿಯುವಂಥದ್ದೋ ಸಾವಿನಲ್ಲಿ ಕೊನೆಯಾಗುವಂಥದ್ದೋ ಆಗಿರಬೇಕು. ಗಾಲಿಕುರ್ಚಿಯಲ್ಲಿ ಕೂತು ದಿನವೂ ಕಚೇರಿಗೆ ಹೋಗುವವರು ಮೊದಲನೆಯದರೊಳಗೆ ಬರುತ್ತಾರೆ, ಎರಡನೆಯದರೊಳಗೆ ಬಾರದಿರಬಹುದು.

2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಇನ್ನೂ ಒಂದು ಹೆಜ್ಜೆ ಮುಂದಿದೆ. ದೀರ್ಘಕಾಲದ ಊನವೂ ಹೊರಗಿನ ಅಡೆತಡೆಗಳೂ ಸೇರಿ ಮನುಷ್ಯನನ್ನು ಸಮಾಜದಿಂದ ದೂರ ಇಡುತ್ತವೆ ಎನ್ನುತ್ತದೆ ಅದು. ಅಂದರೆ ಕಾಲಿನಷ್ಟೇ ಮೆಟ್ಟಿಲೂ ಕಾರಣ. ನನ್ನ ಮಟ್ಟಿಗೆ ಇದಕ್ಕಿಂತ ಸರಿಯಾದ ವಿವರಣೆ ಇಲ್ಲ. ಆದರೆ ವಿಮೆಯ ಪಾಲಿಸಿಯನ್ನು ಈ ಕಣ್ಣಿನಿಂದ ಬರೆದಿರುವುದಿಲ್ಲ.

ಎರಡನೆಯದಾಗಿ, ವ್ಯಾಖ್ಯೆಯನ್ನು ಬಿಡಿಸಿ

ಹೆಚ್ಚಿನ ಕಾನೂನುಗಳು ಮೂರು ಪ್ರಶ್ನೆ ಕೇಳುತ್ತವೆ: ಊನ ಏನು, ಅದರಿಂದ ಏನು ಮಾಡಲಾಗುತ್ತಿಲ್ಲ, ಎಷ್ಟು ಕಾಲದಿಂದ? ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯಲ್ಲಿ ‘ದೀರ್ಘಕಾಲ’ ಎಂದರೆ 12 ತಿಂಗಳು ಅಥವಾ ಹೆಚ್ಚು. ‘ಗಣನೀಯ’ ಎಂದರೆ ಕ್ಷುಲ್ಲಕವಲ್ಲದ್ದು, ಅಷ್ಟೆ. ಕ್ಯಾನ್ಸರ್, ಎಚ್‌ಐವಿ ಇದ್ದವರಿಗೆ ಈ ಪರೀಕ್ಷೆಯೇ ಇಲ್ಲ. ಅವರನ್ನು ಮೊದಲೇ ಒಳಗೆ ಸೇರಿಸಿದ್ದಾರೆ.

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳ ಪಟ್ಟಿ ಇದೆ. 1995ರ ಕಾಯ್ದೆಯಲ್ಲಿ ಇದ್ದದ್ದು 7. ಮೀಸಲಾತಿಯಂಥ ಸೌಲಭ್ಯಕ್ಕೆ ಅಂಗವೈಕಲ್ಯ ಕನಿಷ್ಠ ಶೇ 40 ಇರಬೇಕೆಂಬ ಗೆರೆ ಇದೆ. ಆದರೆ ಗೆರೆಗಿಂತ ಕೆಳಗಿದ್ದವರು ಅಂಗವಿಕಲರೇ ಅಲ್ಲ ಎಂದು ತಿಳಿಯುವುದು ತಪ್ಪು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಪರೀಕ್ಷೆಯಲ್ಲಿ ತಾವು ಹೇಳಿದ್ದನ್ನು ಬರೆದುಕೊಡುವವರ ನೆರವು ಕೇಳಿದಾಗ, ಅದಕ್ಕೆ ಶೇ 40 ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು.

ಕೃತಕ ಕಾಲು, ಔಷಧ, ಕನ್ನಡಕ ಇವುಗಳ ಸಹಾಯದಿಂದ ಕೆಲಸ ನಡೆಯುತ್ತಿದ್ದರೆ? ಅಮೆರಿಕದ ಸುಪ್ರೀಂ ಕೋರ್ಟ್ 1999ರಲ್ಲಿ ಅವಳಿ ಸಹೋದರಿಯರ ಮೊಕದ್ದಮೆಯಲ್ಲಿ, ಕನ್ನಡಕ ಹಾಕಿದರೆ ಕಾಣುತ್ತದಾದ್ದರಿಂದ ಅವರು ಅಂಗವಿಕಲರಲ್ಲ ಎಂದಿತು. 2008ರಲ್ಲಿ ಅಲ್ಲಿನ ಸಂಸತ್ತು ಕಾಯ್ದೆಯನ್ನೇ ತಿದ್ದಿತು. ಈಗ ಸಾಮಾನ್ಯ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸುಗಳನ್ನು ಬಿಟ್ಟು ಉಳಿದ ಸಾಧನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಳೆಯುತ್ತಾರೆ.

ಮೂರನೆಯದಾಗಿ, ಶೇಕಡಾವಾರನ್ನು ಕೆಲಸದ ಪಕ್ಕದಲ್ಲಿಡಿ

ಹೆಚ್ಚು ಮೋಸಹೋಗುವುದು ಇಲ್ಲಿಯೇ. ವೈದ್ಯರು ಬರೆಯುವ ಶೇಕಡಾ ದೇಹದ್ದು. ನೀವು ಕಳೆದುಕೊಂಡ ದುಡಿಮೆಯದಲ್ಲ. 2025ರವರೆಗೆ ಜಾರಿಯಲ್ಲಿದ್ದ ಭಾರತದ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಶೇ 30 ಎಂದಿತ್ತು. ಉಳಿ ಹಿಡಿಯುವವರಿಗೂ ಪಾಠ ಹೇಳುವವರಿಗೂ ಒಂದೇ ಅಂಕಿ. ಮೊಣಕೈಗಿಂತ ಮೇಲೆ ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಮೊಕದ್ದಮೆ 1970ರ ದಶಕದಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಒಂದೇ ಕೈಯಲ್ಲಿ ಮರಗೆಲಸ ಆಗುವುದಿಲ್ಲ, ಆದ್ದರಿಂದ ಇದು ಸಂಪೂರ್ಣ ಅಂಗವೈಕಲ್ಯ ಎಂದು ನ್ಯಾಯಾಲಯ ಒಪ್ಪಿತು. ಹಾಗಾಗಿ ಪರಿಹಾರ ಕೇಳುವಾಗ ನಿಮ್ಮ ಕೆಲಸದ ಒಂದು ದಿನವನ್ನು ಕಾಗದದ ಮೇಲೆ ಇಳಿಸಿ. ಏನು ಎತ್ತುತ್ತಿದ್ದಿರಿ, ಎಷ್ಟು ಹೊತ್ತು ನಿಲ್ಲುತ್ತಿದ್ದಿರಿ, ಈಗ ಯಾವುದು ಆಗುತ್ತಿಲ್ಲ, ಎಲ್ಲವನ್ನೂ ಬರೆಯಿರಿ.

ಆಮೇಲೆ ಕರಾರಿನ ಸಣ್ಣ ಅಕ್ಷರಗಳು

‘ನನ್ನ ಉದ್ಯೋಗ’ ಮಾಡಲಾಗದಿದ್ದರೆ ಎಂದಿದೆಯೋ, ‘ಯಾವುದೇ ಉದ್ಯೋಗ’ ಎಂದಿದೆಯೋ ಹುಡುಕಿ. ಬೆರಳು ಕಳೆದುಕೊಂಡ ಶಸ್ತ್ರಚಿಕಿತ್ಸಕರು ಪಾಠ ಹೇಳಬಲ್ಲರು. ಮೊದಲ ಪಾಲಿಸಿ ಅವರಿಗೆ ಹಣ ಕೊಡುತ್ತದೆ, ಎರಡನೆಯದು ಕೊಡದಿರಬಹುದು. ಕೆಲವು ಕರಾರುಗಳು ಮೊದಲ ಕೆಲವು ವರ್ಷ ಒಂದು ಅಳತೆ, ಆಮೇಲೆ ಇನ್ನೊಂದು ಎಂದು ಬದಲಾಗುತ್ತವೆ. ಇನ್ನು ಕೆಲವು ಉದ್ಯೋಗವನ್ನು ಕೇಳುವುದೇ ಇಲ್ಲ. ಸ್ನಾನ, ಬಟ್ಟೆ, ಊಟ, ಶೌಚ, ಓಡಾಟ, ಹಾಸಿಗೆಯಿಂದ ಏಳುವುದು ಇವುಗಳಲ್ಲಿ ಎಷ್ಟನ್ನು ಒಬ್ಬರೇ ಮಾಡಲಾರಿರಿ ಎಂದು ಎಣಿಸುತ್ತವೆ. ಕಾಯುವ ಅವಧಿ, ಕ್ಲೇಮು ಹಾಕುವ ಗಡುವು, ಹೊರಗಿಟ್ಟ ಕಾರಣಗಳು ಇವನ್ನೂ ಗುರುತು ಹಾಕಿಕೊಳ್ಳಿ.

‘ಮತ್ತು’, ‘ಅಥವಾ’ಗಳ ಸುತ್ತ ಪೆನ್ಸಿಲಿನಿಂದ ಗೆರೆ ಹಾಕಿ. ‘ಶಾಶ್ವತ ಮತ್ತು ಸಂಪೂರ್ಣ’ ಎಂದಿದ್ದರೆ ಎರಡನ್ನೂ ಸಾಬೀತು ಮಾಡಬೇಕು.

ಇಷ್ಟಾದ ಮೇಲೆ ವ್ಯಾಖ್ಯೆಯ ಪುಟವನ್ನು ವೈದ್ಯರ ಬಳಿ ಒಯ್ಯಿರಿ. ‘ಚಲನೆ ಸೀಮಿತ’ ಎಂಬ ಟಿಪ್ಪಣಿಯಿಂದ ಏನೂ ಆಗದು. ‘ಬಲಗೈಯಲ್ಲಿ ಲೋಟ ಹಿಡಿಯಲಾಗದು, ಇದು ಸುಧಾರಿಸುವ ಸಾಧ್ಯತೆ ಇಲ್ಲ’ ಎಂಬುದು ನಿಜವಾಗಿದ್ದರೆ ಅದನ್ನೇ ಬರೆದುಕೊಡಲು ಕೇಳಿ. ಕ್ಲೇಮು ತಿರಸ್ಕೃತವಾದರೆ ಯಾವ ಷರತ್ತಿನ ಅಡಿಯಲ್ಲಿ ಎಂದು ಲಿಖಿತವಾಗಿ ಪಡೆಯಿರಿ. ಆ ಷರತ್ತಿಗೆ ಎರಡು ಅರ್ಥ ಬರುವಂತಿದ್ದರೆ, ಅನೇಕ ದೇಶಗಳ ನ್ಯಾಯಾಲಯಗಳು ಅದನ್ನು ಬರೆದವರ ವಿರುದ್ಧ, ಅಂದರೆ ವಿಮೆ ಮಾಡಿಸಿದವರ ಪರವಾಗಿ ಓದುತ್ತವೆ. ಮೇಲ್ಮನವಿಯಲ್ಲಿ ಎತ್ತಬೇಕಾದ ಮೊದಲ ಮಾತು ಅದು.